‘ಅಷ್ಟೇ ಕಣಣ್ಣ ನಮ್ಗೆ’ ಅನ್ನೋ ಹುಡುಗನಿಗೆ ಏನು ಹೇಳೋದು?

ಮೂರು ತಿಂಗಳ ಹಿಂದಿನ ಮಾತು. ಕೆ.ಆರ್. ಪೇಟೆ ತಾಲ್ಲೂಕಿನ ಸಿಂಧಘಟ್ಟದಲ್ಲಿ ಸ್ನೇಹಿತರೊಬ್ಬರ ಹೊಲಕ್ಕೆ ಡ್ರಿಪ್ ಹಾಕಿಸುವ ಕೆಲಸ ಇತ್ತು. ಪೈಪು ಎಳೆಯೋಕೆ ಪಕ್ಕದ ಮನೆಯ ಹುಡುಗನೊಬ್ಬ ಬಂದಿದ್ದ. ವಯಸ್ಸು ಹತ್ತೊಂಬತ್ತು ಇರಬಹುದು. ಪಿಯುಸಿ ಸೈನ್ಸ್ ಮುಗಿಸಿ ಮನೆಯಲ್ಲೇ ಇದ್ದ.

ಮಧ್ಯಾಹ್ನ ಊಟಕ್ಕೆ ಕೂತಾಗ ಪಕ್ಕದ ತಾಕಿನ ಟೊಮೆಟೊ ಗಿಡದ ಎಲೆಗಳು ಮೇಲಕ್ಕೆ ಸುತ್ತಿಕೊಂಡಿದ್ದು ಕಣ್ಣಿಗೆ ಬಿತ್ತು. ‘ಮುದುರು ರೋಗ ಶುರುವಾಯ್ತಲ್ಲಪ್ಪ’ ಅಂದೆ. ಆ ಹುಡುಗ ತಟ್ಟೆ ಕೆಳಗಿಟ್ಟು ಎದ್ದು ಹೋಗಿ ನಾಲ್ಕೈದು ಗಿಡದ ಎಲೆ ತಿರುವಿ ನೋಡಿ ಬಂದ. ‘ಇಲ್ಲ ಅಣ್ಣ, ರೋಗ ಅಲ್ಲ ಅನ್ಸುತ್ತೆ. ಕೆಳಗಿನ ಎಲೆ ಮಾತ್ರ ಸುತ್ಕಂಡೈತೆ, ಸುಳಿ ಚೆನ್ನಾಗೈತೆ. ಎಲೆ ಅಡೀಲಿ ಬಿಳಿ ನೊಣಾನೂ ಇಲ್ಲ. ಮೊನ್ನೆ ನೀರು ಜಾಸ್ತಿ ಬಿಟ್ಟವ್ರೆ, ಅದ್ಕೇ ಇರ್ಬೇಕು’ ಅಂದ.

ನಾನು ಎದ್ದು ಹೋಗಿ ನೋಡಿದೆ. ಅವನು ಹೇಳಿದ್ದೇ ಸರಿ. ವೈರಸ್ಸಿನ ಮುದುರು ರೋಗ ಆಗಿದ್ದರೆ ಮೊದಲು ಹೊಸ ಚಿಗುರು ಮುದುಡಿ ಸಣ್ಣದಾಗಬೇಕು, ಎಲೆ ಅಂಚು ಹಳದಿ ತಿರುಗಬೇಕು. ಬರೀ ಕೆಳಗಿನ ಬಲಿತ ಎಲೆ ಸುತ್ತಿಕೊಂಡರೆ ಅದು ಹೆಚ್ಚಾಗಿ ನೀರು, ಬಿಸಿಲಿನ ಏರುಪೇರು. ಔಷಧಿ ಹೊಡೆಯೋ ಅಗತ್ಯವೇ ಇಲ್ಲ. ತೋಟಗಾರಿಕೆ ಪದವಿ ಓದಿದ ನಾನು ದೂರದಿಂದ ನೋಡಿ ತಪ್ಪು ಹೇಳಿದ್ದೆ, ಆ ಹುಡುಗ ಹತ್ತಿರ ಹೋಗಿ ನೋಡಿ ಸರಿ ಹೇಳಿದ್ದ.

‘ಮುಂದೆ ಏನ್ ಮಾಡ್ಬೇಕು ಅಂತಿದ್ದೀಯಪ್ಪ?’ ಅಂತ ಕೇಳಿದೆ.

‘ಏನಿಲ್ಲ ಅಣ್ಣ. ಬೆಂಗ್ಳೂರಲ್ಲಿ ಡೆಲಿವರಿ ಕೆಲ್ಸ ಐತಂತೆ, ನಮ್ಮ ಮಾವ ಹೇಳವ್ರೆ. ಮುಂದಿನ ತಿಂಗ್ಳು ಹೋಗ್ತೀನಿ. ಅಷ್ಟೇ ಕಣಣ್ಣ ನಮ್ಗೆ.’

ಡೆಲಿವರಿ ಕೆಲಸ ಕೀಳು ಅಂತ ನಾನು ಯಾವತ್ತೂ ಹೇಳಲ್ಲ. ಬಿಸಿಲು ಮಳೆ ಅನ್ನದೆ ಗಾಡಿ ಓಡಿಸಿ ಮನೆಗೆ ದುಡ್ಡು ಕಳಿಸೋ ಹುಡುಗರು ನಮ್ಮ ಸುತ್ತಮುತ್ತಲ ಹಳ್ಳಿಗಳಲ್ಲಿ ಎಷ್ಟೋ ಜನ ಇದ್ದಾರೆ, ಅವರ ದುಡಿಮೆಗೆ ಕೈ ಮುಗಿಯಬೇಕು. ಆದರೆ ಅವನು ಹೇಳಿದ ಕಡೆಯ ಮೂರು ಪದ ನನ್ನ ತಲೆಯಿಂದ ಹೋಗಲಿಲ್ಲ. ಎಲೆ ತಿರುವಿ ರೋಗ ಇಲ್ಲ ಅಂತ ಪತ್ತೆ ಮಾಡೋ ಕಣ್ಣಿರೋ ಹುಡುಗ ‘ಅಷ್ಟೇ ನಮ್ಗೆ’ ಅಂತ ತನ್ನ ಅಳತೆಯನ್ನ ತಾನೇ ಹಾಕಿಬಿಟ್ಟಿದ್ದ. ಆ ಅಳತೆಪಟ್ಟಿ ಅವನ ಕೈಗೆ ಕೊಟ್ಟೋರು ಯಾರು? ಈ ವಾರ ಅದರ ಬಗ್ಗೆ ಮಾತಾಡೋಣ ಗೆಳೆಯರೇ.

ಒಂದು ತಪ್ಪು, ನನ್ನದೇ

ಬೇರೆಯವರ ಮೇಲೆ ಬೆರಳು ತೋರಿಸೋ ಮುಂಚೆ ನನ್ನ ಕಥೆ ಹೇಳಿಬಿಡ್ತೀನಿ.

ನಾನು ಓದು ಮುಗಿಸಿ ಊರಿಗೆ ಬಂದು ಸಾವಯವ ಅಂತ ಶುರು ಮಾಡಿದ ಮೊದಲ ವರ್ಷ ಬಾಳೆ ಹಾಕಿ ಕೈ ಸುಟ್ಟುಕೊಂಡಿದ್ದೆ. ಗಾಳಿಗೆ ಅರ್ಧ ಗೊನೆ ನೆಲಕ್ಕೆ, ಉಳಿದದ್ದಕ್ಕೆ ರೇಟಿಲ್ಲ. ಅದೇ ಹೊತ್ತಿಗೆ ನಮ್ಮ ಚಿಕ್ಕಪ್ಪನ ಮಗಳು ಪಿಯುಸಿ ಮುಗಿಸಿ ಬಂದು, ‘ಅಣ್ಣ, ನಾನೂ ನಿನ್ ಥರಾನೇ ಹಾರ್ಟಿಕಲ್ಚರ್ ಓದ್ಲಾ?’ ಅಂತ ಕೇಳಿದಳು. ನಾನು ಎರಡನೇ ಯೋಚನೆ ಮಾಡದೆ, ‘ಬ್ಯಾಡ ಪುಟ್ಟಿ, ಆ ಪ್ರಾಯೋಗಿಕ ಪರೀಕ್ಷೆ, ಕೌನ್ಸೆಲಿಂಗ್ ಎಲ್ಲ ತಲೆನೋವು. ಹತ್ತಿರದ ಕಾಲೇಜಲ್ಲಿ ಯಾವುದಾದ್ರೂ ಡಿಗ್ರಿ ಮಾಡು ಸಾಕು’ ಅಂದುಬಿಟ್ಟೆ.

ಅವಳು ನನ್ನ ಮಾತು ಕೇಳಿದಳು. ಅರ್ಜಿ ಹಾಕಲಿಲ್ಲ. ಅವಳಿಗಿಂತ ಕಮ್ಮಿ ಅಂಕ ತೆಗೆದ ಅವಳ ಗೆಳತಿಗೆ ಅದೇ ವರ್ಷ ಸೀಟು ಸಿಕ್ಕಿತು. ಈಗ ನಮ್ಮ ಹುಡುಗಿ ಮದುವೆಯಾಗಿ ಮೈಸೂರಲ್ಲಿದ್ದಾಳೆ, ಚೆನ್ನಾಗಿದ್ದಾಳೆ. ತಾರಸಿ ಮೇಲೆ ಚೀಲಗಳಲ್ಲಿ ಗಿಡ ಬೆಳೆಸಿ ವಾಟ್ಸಾಪಲ್ಲಿ ಫೋಟೊ ಕಳಿಸ್ತಾಳೆ. ಒಂದು ಸಲ ಬದನೆ ಗಿಡದ ಫೋಟೊ ಕೆಳಗೆ, ‘ಅಣ್ಣ, ಅವತ್ತು ಅರ್ಜಿ ಹಾಕಿದ್ರೆ ಸಿಗ್ತಿತ್ತಾ?’ ಅಂತ ಬರೆದಿದ್ದಳು. ಬೈದಿದ್ದರೆ ಸಹಿಸಿಕೊಳ್ಳಬಹುದಿತ್ತು. ಬರೀ ಕೇಳಿದಳು ನೋಡಿ, ಅದಕ್ಕೆ ಇವತ್ತಿಗೂ ನಾನು ಉತ್ತರ ಬರೆದಿಲ್ಲ.

ನನಗೆ ಆಮೇಲೆ ಅರ್ಥವಾಗಿದ್ದು ಇಷ್ಟು. ಅವತ್ತು ನಾನು ಅವಳ ಬಗ್ಗೆ ಯೋಚನೆ ಮಾಡಿ ಮಾತಾಡಿರಲಿಲ್ಲ. ನನ್ನ ಬಾಳೆ ಬಿದ್ದ ಹೊಟ್ಟೆಯುರಿಯಲ್ಲಿ ಮಾತಾಡಿದ್ದೆ. ನಮ್ಮ ಭಯದ ಅಳತೆಗೆ ಇನ್ನೊಬ್ಬರ ಆಸೆಯನ್ನ ಕತ್ತರಿಸಿಬಿಡೋದು ಎಷ್ಟು ಸುಲಭ! ಹಳ್ಳಿಯಲ್ಲಿ ಅಪ್ಪ, ಮಾವ, ಅಣ್ಣ, ಮೇಷ್ಟ್ರು ಎಲ್ಲರೂ ಒಂದಲ್ಲ ಒಂದು ಸಲ ಈ ಕೆಲಸ ಮಾಡ್ತೀವಿ. ಯಾರದ್ದೂ ಕೆಟ್ಟ ಮನಸ್ಸಲ್ಲ. ‘ಹಾಸಿಗೆ ಇದ್ದಷ್ಟು ಕಾಲು ಚಾಚು’ ಅಂತ ಹಿರಿಯರು ಹೇಳಿದ್ದು ಸಾಲ, ಖರ್ಚಿನ ವಿಷಯಕ್ಕೆ. ನಾವು ಅದನ್ನ ಓದಿಗೂ ಆಸೆಗೂ ಸೇರಿಸಿಬಿಟ್ಟಿದ್ದೀವಿ.

ಬನ್ನೂರಿನ ಕಡೆಯ ಒಬ್ಬ ರೈತನ ಮಗ

ತೋಟಗಾರಿಕೆ ಓದಿದ ಎಲ್ಲರಿಗೂ ಗೊತ್ತಿರೋ ಒಂದು ಹೆಸರು ಡಾ. ಎಂ.ಎಚ್. ಮರಿಗೌಡ. ಬೆಂಗಳೂರಿನ ಲಾಲ್‌ಬಾಗಿಗೆ ಹೋದೋರು ಅವರ ಹೆಸರಿನ ಭವನ ನೋಡಿರ್ತೀರ. ಆದರೆ ಅವರು ನಮ್ಮ ಕಡೆಯವರೇ ಅಂತ ಎಷ್ಟು ಜನಕ್ಕೆ ಗೊತ್ತು? ಶ್ರೀರಂಗಪಟ್ಟಣದಿಂದ ಬನ್ನೂರು ಕಡೆಗೆ ಹೋದರೆ, ಟಿ. ನರಸೀಪುರ ತಾಲ್ಲೂಕಿನ ಮಾರಗೌಡನಹಳ್ಳಿ ಅವರ ಹುಟ್ಟೂರು. ಹುಟ್ಟಿದ್ದು 1916ರ ಆಗಸ್ಟ್ 8.

ಆ ಕಾಲ ಹೇಗಿತ್ತು ಅಂತ ಒಂಚೂರು ನೆನೆಸಿಕೊಳ್ಳಿ. ಅವರು ಹುಟ್ಟಿದಾಗ ಕನ್ನಂಬಾಡಿ ಕಟ್ಟೆ ಇನ್ನೂ ಕಟ್ಟುತ್ತಾ ಇದ್ದರು. 1911ರಲ್ಲಿ ಶುರುವಾದ ಆ ಕೆಲಸ ಮುಗಿದದ್ದು 1932ರ ಹೊತ್ತಿಗೆ. ಹಳ್ಳಿಯಿಂದ ಹೈಸ್ಕೂಲಿಗೆ ಹೋಗೋದೇ ಸಾಹಸ. ಅಂಥ ಹಳ್ಳಿಯ ಹುಡುಗ ಓದಿ, ತೋಟಗಾರಿಕೆ ಇಲಾಖೆ ಸೇರಿ, ಅಲ್ಲಿಗೆ ನಿಲ್ಲಿಸದೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯಕ್ಕೆ ಹೋಗಿ ಪಿಎಚ್.ಡಿ. ಮಾಡಿಕೊಂಡು ಬಂದರು. ಅವತ್ತಿನ ಊರ ಜನ ‘ಅಷ್ಟೇ ಕಣ್ಲ ನಮ್ಗೆ’ ಅಂದಿದ್ದನ್ನ ಅವರು ಕೇಳಿದ್ದರೆ ಏನಾಗ್ತಿತ್ತು?

ಅವರು ದೊಡ್ಡವರಾಗಿದ್ದು ಹಾರ್ವರ್ಡಿನಿಂದಲ್ಲ, ವಾಪಸು ಬಂದು ಮಾಡಿದ ಕೆಲಸದಿಂದ. 1963ರಲ್ಲಿ ತೋಟಗಾರಿಕೆಗೆ ಪ್ರತ್ಯೇಕ ಇಲಾಖೆ ಅಂತಾದಾಗ ಅದರ ನಿರ್ದೇಶಕರಾದರು. 1974ರಲ್ಲಿ ನಿವೃತ್ತಿಯಾಗುವವರೆಗೆ ರಾಜ್ಯದ ಉದ್ದಗಲಕ್ಕೂ ನೂರಾರು ತೋಟಗಾರಿಕೆ ಕ್ಷೇತ್ರ, ನರ್ಸರಿ ಮಾಡಿಸಿದರು. ಅಲ್ಲಿವರೆಗೆ ತೋಟ ಅಂದರೆ ಅರಮನೆ, ಬಂಗಲೆ, ಲಾಲ್‌ಬಾಗು. ಒಳ್ಳೆ ಮಾವು, ಸಪೋಟ, ಸೀಬೆ ಸಸಿ ಬಡ ರೈತನ ಕೈಗೆ ಸಿಗುವಂತಾಗಿದ್ದು ಆ ನರ್ಸರಿಗಳಿಂದ. ಬರೀ ಬೆಳೆದರೆ ಸಾಲದು, ಮಾರೋಕೂ ಜಾಗ ಬೇಕು ಅನ್ನೋದು ಅವರಿಗೆ ಗೊತ್ತಿತ್ತು. 1959ರಲ್ಲಿ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿ ಶುರುವಾಗಿ ಮುಂದೆ ‘ಹಾಪ್‌ಕಾಮ್ಸ್’ ಆದ ಸಂಸ್ಥೆಯ ಹಿಂದೆ ಇದ್ದೋರೂ ಅವರೇ. ಭೂಮಿ, ಸಸಿ, ವಿಜ್ಞಾನ, ಮಾರುಕಟ್ಟೆ ಎಲ್ಲ ಒಟ್ಟಿಗೆ ಹೋಗಬೇಕು ಅನ್ನೋದು ಅವರ ಲೆಕ್ಕಾಚಾರ.

ತಾನೊಬ್ಬ ದಡ ಸೇರಿದೆ ಅಂತ ಕೂರಲಿಲ್ಲ, ಇನ್ನೊಬ್ಬರು ದಾಟೋಕೆ ಸೇತುವೆ ಕಟ್ಟಿದರು. ನಾನು ಪ್ರೋತ್ಸಾಹ ಅಂತ ಕರೆಯೋದು ಅದನ್ನ. ವೇದಿಕೆ ಮೇಲೆ ನಿಂತು ‘ಯುವಕರೇ ದೊಡ್ಡ ಕನಸು ಕಾಣಿ’ ಅನ್ನೋ ಭಾಷಣಕ್ಕೂ ಒಂದು ನರ್ಸರಿಗೂ ಇರೋ ವ್ಯತ್ಯಾಸ ಅಷ್ಟೇ. ಒಂದರಲ್ಲಿ ಚಪ್ಪಾಳೆ ಸಿಗುತ್ತೆ, ಇನ್ನೊಂದರಲ್ಲಿ ಸಸಿ ಸಿಗುತ್ತೆ.

ವಿ.ಸಿ. ಫಾರಂನ ರಾಗಿ, ಕಿರುಗಾವಲಿನ ಭತ್ತ

ಮೇಲಕ್ಕೆ ಹೋಗೋದು ಅಂದರೆ ಊರು ಬಿಟ್ಟು ಹೋಗೋದು ಅಂತಲೇ ಅರ್ಥ ಅಲ್ಲ. ಅದಕ್ಕೆ ಮಂಡ್ಯ ಜಿಲ್ಲೆಯಲ್ಲೇ ಎರಡು ಉದಾಹರಣೆ ಕೊಡ್ತೀನಿ.

ಮೊದಲನೇದು ‘ರಾಗಿ ಲಕ್ಷ್ಮಣಯ್ಯ’ ಅಂತಲೇ ಹೆಸರಾದ ಸಿ.ಎಚ್. ಲಕ್ಷ್ಮಣಯ್ಯನವರು. ಮಂಡ್ಯದ ವಿ.ಸಿ. ಫಾರಂನಲ್ಲಿ ಕೂತು ರಾಗಿ ತಳಿ ಮಾಡಿದೋರು. ನಿಮ್ಮ ಅಜ್ಜ ಅಜ್ಜಿಯನ್ನ ‘ಇಂಡಾಫ್ ರಾಗಿ ಗೊತ್ತಾ’ ಅಂತ ಕೇಳಿ, ಕಣ್ಣು ಅರಳಿಸ್ತಾರೆ. ಇಂಡಿಯಾದ ರಾಗಿಗೂ ಆಫ್ರಿಕಾದ ರಾಗಿಗೂ ಕ್ರಾಸ್ ಮಾಡಿದ್ದಕ್ಕೆ ಅದು ‘ಇಂಡಾಫ್’. ರಾಗಿ ಹೂವು ಎಷ್ಟು ಸಣ್ಣದು ಅಂತ ತೆನೆ ಬಿಡಿಸಿ ನೋಡಿದೋರಿಗೆ ಗೊತ್ತು. ತನ್ನ ಹೂವಿಗೆ ತಾನೇ ಪರಾಗ ಹಾಕಿಕೊಳ್ಳೋ ಜಾತಿ ಬೇರೆ. ಅದರಲ್ಲಿ ಕ್ರಾಸ್ ಮಾಡೋದು ಅಂದರೆ ಸೂಜಿ ಮೊನೆಯ ಕೆಲಸ, ಅದೂ ವರ್ಷಗಟ್ಟಲೆ. ಬಡವರ ಬೆಳೆ, ಒಣಭೂಮಿ ಬೆಳೆ ಅಂತ ದೊಡ್ಡವರು ಕಡೆಗಣಿಸಿದ್ದ ರಾಗಿಯನ್ನೇ ಹಿಡಿದು, ಇಲ್ಲೇ ಕೂತು ರಾಗಿ ಬೆಳೆಯೋ ಲಕ್ಷಾಂತರ ಮನೆಯ ಕಣಜ ತುಂಬೋ ಹಾಗೆ ಮಾಡಿದರು. ಗುರಿ ಎತ್ತರದ್ದು, ಬೆಳೆ ಮಾತ್ರ ನಮ್ಮ ಮುದ್ದೆಯದ್ದು.

ಎರಡನೇದು ಮಳವಳ್ಳಿ ತಾಲ್ಲೂಕಿನ ಕಿರುಗಾವಲಿನ ಸೈಯದ್ ಘನಿ ಖಾನ್. ಇವರು ಓದಿದ್ದು ಪುರಾತತ್ವ, ಮ್ಯೂಸಿಯಂ ವಿಷಯ. ವಸ್ತು ಸಂಗ್ರಹಾಲಯದಲ್ಲಿ ಕೆಲಸ ಮಾಡಬೇಕು ಅನ್ನೋ ಆಸೆ ಇದ್ದೋರು. ತಂದೆಗೆ ಹುಷಾರು ತಪ್ಪಿ ಮನೆಯ ಜಮೀನು ನೋಡಿಕೊಳ್ಳಬೇಕಾಯ್ತು. ಒಂದು ಸಲ ಗದ್ದೆಗೆ ಔಷಧಿ ಹೊಡೆಯುವಾಗ ತಲೆ ಸುತ್ತಿ ಬಿದ್ದ ಮೇಲೆ ರಾಸಾಯನಿಕ ಬಿಟ್ಟರು. ಹಳೇ ಭತ್ತದ ತಳಿ ಹುಡುಕಿ ಹುಡುಕಿ ಬೆಳೆಯೋಕೆ ಶುರು ಮಾಡಿದರು. ಈಗ ಅವರ ಹತ್ತಿರ ಸಾವಿರಕ್ಕೂ ಹೆಚ್ಚು ಭತ್ತದ ತಳಿ ಇವೆ. ಅವರ ಮನೆತನದ ‘ಬಡಾ ಬಾಗ್’ ತೋಟದಲ್ಲಿ ನೂರಕ್ಕೂ ಹೆಚ್ಚು ಬಗೆಯ ಮಾವು ಉಳಿದಿದೆ.

ನನಗೆ ಈ ಕಥೆಯಲ್ಲಿ ಇಷ್ಟವಾಗೋದು ಒಂದೇ ವಿಷಯ. ಮ್ಯೂಸಿಯಂ ಕೆಲಸ ತಪ್ಪಿಹೋಯ್ತು ಅಂತ ಅವರು ಕೊರಗುತ್ತಾ ಕೂರಬಹುದಿತ್ತು. ಕೂರಲಿಲ್ಲ, ಜಮೀನಲ್ಲೇ ಭತ್ತದ ಮ್ಯೂಸಿಯಂ ಮಾಡಿದರು. ಓದಿದ್ದು ವೇಸ್ಟ್ ಆಯ್ತು ಅನ್ನೋ ಪ್ರತಿ ಹುಡುಗನಿಗೂ ಹುಡುಗಿಗೂ ನಾನು ಈ ಮಾತು ಹೇಳ್ತೀನಿ. ಓದಿದ್ದು ಯಾವತ್ತೂ ವೇಸ್ಟ್ ಆಗಲ್ಲ, ಅದನ್ನ ಎಲ್ಲಿಗೆ ಹೊಂದಿಸಬೇಕು ಅನ್ನೋದು ಹುಡುಕಬೇಕು ಅಷ್ಟೇ.

ಬರೀ ಬಾಯಿಮಾತು ಬೇಡ, ಇವು ಐದು ಮಾಡಿ

ನಿಮ್ಮಲ್ಲಿ ಬಹಳ ಜನ ಇಪ್ಪತ್ತರಿಂದ ಮೂವತ್ತೈದರ ಒಳಗಿನವರು. ಮನೆಯಲ್ಲಿ, ಕೇರಿಯಲ್ಲಿ ನಿಮ್ಮನ್ನ ‘ಅಣ್ಣ’, ‘ಅಕ್ಕ’ ಅನ್ನೋ ತಮ್ಮ ತಂಗಿಯರು ಇದ್ದೇ ಇರ್ತಾರೆ. ‘ನೀನು ಮಾಡ್ತೀಯ ಬಿಡೋ’ ಅನ್ನೋ ಮಾತಿನಿಂದ ಅರ್ಧ ದಿನದ ಹುರುಪು ಬರುತ್ತೆ. ಅದಕ್ಕಿಂತ ಕೆಲಸಕ್ಕೆ ಬರೋದು ಇವು.

1. ಕಂಡದ್ದನ್ನ ಹೆಸರಿಟ್ಟು ಹೇಳಿ. ‘ನೀನು ಬುದ್ಧಿವಂತ’ ಅಂದರೆ ಯಾರೂ ನಂಬಲ್ಲ. ‘ನೀನು ಎಲೆ ಅಡಿ ತಿರುವಿ ನೋಡ್ದೆ, ನಾನು ನೋಡಿರ್ಲಿಲ್ಲ’ ಅಂದರೆ ನಂಬ್ತಾರೆ. ಏನು ಚೆನ್ನಾಗಿ ಮಾಡ್ತಾರೋ ಅದನ್ನೇ ಹಿಡಿದು ಹೇಳಿ.

2. ಕೊನೇ ದಿನಾಂಕ ತಿಳಿಸಿ, ಅರ್ಜಿ ತುಂಬಿಸಿ. ನಮ್ಮ ಹಳ್ಳಿ ಮಕ್ಕಳಿಗೆ ಎಷ್ಟೋ ಸಲ ಅಂಕದಿಂದ ಸೀಟು ತಪ್ಪಲ್ಲ, ಮಾಹಿತಿ ಇಲ್ಲದೆ ತಪ್ಪುತ್ತೆ. ಕೃಷಿ, ತೋಟಗಾರಿಕೆ ಪದವಿಗಳಲ್ಲಿ ರೈತರ ಮಕ್ಕಳಿಗೆ ಅಂತಲೇ ಕೃಷಿಕರ ಕೋಟಾ ಇದೆ. ಅದಕ್ಕೆ ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ಅರ್ಜಿಯಲ್ಲೇ ಗುರುತು ಹಾಕಬೇಕು, ಬೇಕಾದ ಪ್ರಮಾಣಪತ್ರ ಮೊದಲೇ ಮಾಡಿಸಿಟ್ಟುಕೊಳ್ಳಬೇಕು, ಪ್ರಾಯೋಗಿಕ ಪರೀಕ್ಷೆ ಬರೆಯಬೇಕು. ನಾನು ನಮ್ಮ ತಂಗಿಗೆ ತಲೆನೋವು ಅಂದಿದ್ದೆನಲ್ಲ, ಆ ಪರೀಕ್ಷೆಯಲ್ಲಿ ಕೇಳೋದು ಬೀಜ, ಎಲೆ, ಗೊಬ್ಬರ, ಉಪಕರಣ ಗುರುತಿಸೋದು. ಹೊಲದಲ್ಲಿ ಬೆಳೆದ ಮಕ್ಕಳಿಗೆ ಅದು ಆಟ. ಪಟ್ಟಣದ ಮಕ್ಕಳು ಪುಸ್ತಕ ನೋಡಿ ಕಲೀಬೇಕಾದ್ದು ನಮಗೆ ಹಿತ್ತಿಲಲ್ಲೇ ಇದೆ. ನಿಯಮ ವರ್ಷ ವರ್ಷ ಒಂದಷ್ಟು ಬದಲಾಗುತ್ತೆ, ಆ ವರ್ಷದ ಪ್ರಕಟಣೆ ಕೂತು ಪೂರ್ತಿ ಓದಿ.

3. ಎಸ್ಸೆಸ್ಸೆಲ್ಸಿಗೇ ನಿಂತವರನ್ನ ಬಿಡಬೇಡಿ. ಪದವಿ ಒಂದೇ ದಾರಿ ಅಲ್ಲ. ಎಸ್ಸೆಸ್ಸೆಲ್ಸಿ ಆದವರಿಗೆ ಎರಡು ವರ್ಷದ ಕೃಷಿ ಡಿಪ್ಲೊಮಾ ಇದೆ, ಕನ್ನಡದಲ್ಲೇ ಪಾಠ. ತೋಟಗಾರಿಕೆ ಇಲಾಖೆ ರೈತರ ಮಕ್ಕಳಿಗೆ 10 ತಿಂಗಳ ತೋಟಗಾರಿಕೆ ತರಬೇತಿ ಕೊಡುತ್ತೆ, ತಿಂಗಳಿಗೆ ಶಿಷ್ಯವೇತನವೂ ಉಂಟು. ಕಸಿ ಕಟ್ಟೋದು, ನರ್ಸರಿ, ತೋಟ ನಿರ್ವಹಣೆ ಕಲಿತು ಬಂದವರು ಸ್ವಂತ ನರ್ಸರಿ ಮಾಡಿಕೊಳ್ಳಬಹುದು. ನಿಮ್ಮ ತಾಲ್ಲೂಕಿನ ಹಿರಿಯ ಸಹಾಯಕ ತೋಟಗಾರಿಕೆ ನಿರ್ದೇಶಕರ ಕಚೇರಿಯಲ್ಲಿ ಕೇಳಿ, ಅರ್ಜಿ ಯಾವಾಗ ಕರೀತಾರೆ ಅಂತ ಬರೆದುಕೊಂಡು ಬನ್ನಿ.

4. ಮೊದಲನೇ ಸಲ ಜೊತೆಗೆ ಹೋಗಿ. ಕಚೇರಿ ಮೆಟ್ಟಿಲು ಹತ್ತೋ ಸಂಕೋಚ ಚಿಕ್ಕದಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ಕೃಷಿ ವಿಜ್ಞಾನ ಕೇಂದ್ರ ಇದೆ, ಹೋಬಳಿಗೊಂದು ರೈತ ಸಂಪರ್ಕ ಕೇಂದ್ರ ಇದೆ. ಒಂದು ಸಲ ಬೈಕಲ್ಲಿ ಕೂರಿಸಿಕೊಂಡು ಹೋಗಿ ಪರಿಚಯ ಮಾಡಿಸಿದರೆ ಎರಡನೇ ಸಲ ಅವರೇ ಹೋಗ್ತಾರೆ. ಫೋನಲ್ಲೇ ಕೇಳೋದಾದರೆ ಕಿಸಾನ್ ಕಾಲ್ ಸೆಂಟರ್ 1800-180-1551, ದುಡ್ಡು ಹಿಡಿಯಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

5. ಸೋತ ದಿನ ಫೋನ್ ಮಾಡಿ. ಗೆದ್ದಾಗ ಸ್ಟೇಟಸ್ ಹಾಕೋರು ಊರ ತುಂಬ ಇರ್ತಾರೆ. ನನ್ನ ಬಾಳೆ ಬಿದ್ದ ದಿನ ಒಬ್ಬ ಹಿರಿಯ ರೈತರು ಮನೆಗೆ ಬಂದು, ಏನೂ ಬುದ್ಧಿ ಹೇಳದೆ, ಮಚ್ಚು ಹಿಡಿದು ಬಿದ್ದ ಗಿಡ ಕತ್ತರಿಸೋಕೆ ಕೈ ಜೋಡಿಸಿದರು. ನಾನು ಇವತ್ತು ಬೇಸಾಯದಲ್ಲಿ ಉಳಿದಿದ್ದರೆ ಆ ಒಂದು ದಿನ ಕಾರಣ.

ದೊಡ್ಡ ಗುರಿ, ಚಿಕ್ಕ ಜಾಗ

ಸಿಂಧಘಟ್ಟದ ಹುಡುಗನ ವಿಷಯಕ್ಕೆ ಬರ್ತೀನಿ. ಅವರ ಮನೆಗಿರೋದು ಒಂದೂವರೆ ಎಕರೆ. ಅದರಲ್ಲಿ ಕಬ್ಬು. ಕೈಸಾಲ ಒಂದಷ್ಟಿದೆ, ತಿಂಗಳ ಬಡ್ಡಿ ಕಟ್ಟಬೇಕು. ಅದಕ್ಕೇ ಬೆಂಗಳೂರಿನ ಸಂಬಳ ಅವರಪ್ಪನಿಗೆ ಕಣ್ಣಿಗೆ ಕಾಣ್ತಾ ಇತ್ತು. ಅಂಥ ಮನೆಗೆ ಹೋಗಿ ‘ಮಗನ್ನ ಓದಿಸಿ, ದೊಡ್ಡದಾಗಿ ಯೋಚನೆ ಮಾಡಿ’ ಅಂತ ಉಪದೇಶ ಮಾಡಿ ಬರೋದು ತಪ್ಪಾಗುತ್ತೆ. ಬಡ್ಡಿ ಕಟ್ಟೋದು ನಾವಲ್ಲ, ಅವರು.

ಹಾಗಾಗಿ ಒಂದು ಲೆಕ್ಕ ಇಟ್ಟುಕೊಂಡು ಹೋದೆ. ಸುತ್ತಮುತ್ತ ಟೊಮೆಟೊ, ಮೆಣಸಿನಕಾಯಿ, ಬದನೆ ಹಾಕೋರು ಸಸಿಗೆ ದೂರದ ನರ್ಸರಿಗೆ ಹೋಗಿ ಬರ್ತಾರೆ. ಊರಲ್ಲೇ ಚಿಕ್ಕ ನರ್ಸರಿ ಮಾಡಿದರೆ ಹೇಗೆ?

ನೀವೂ ಲೆಕ್ಕ ಹಾಕಿ ನೋಡಿ. ಟೊಮೆಟೊವನ್ನ ಸಾಲಿಂದ ಸಾಲಿಗೆ 90 ಸೆಂ.ಮೀ., ಗಿಡದಿಂದ ಗಿಡಕ್ಕೆ 60 ಸೆಂ.ಮೀ. ಇಟ್ಟು ನೆಟ್ಟರೆ ಒಂದು ಎಕರೆಗೆ ಸುಮಾರು 7,500 ಸಸಿ ಬೇಕು. 98 ಗುಳಿಯ ಪ್ರೋಟ್ರೇ ಆದರೆ ಒಂದೊಂದು ಗುಳಿಯೂ ಹುಟ್ಟಿದರೆ 77 ಟ್ರೇ. ಹತ್ತು ಹದಿನೈದು ಪರ್ಸೆಂಟ್ ಹುಟ್ಟಲ್ಲ ಅಂತ ಇಟ್ಟುಕೊಂಡರೆ 90 ಟ್ರೇ. ಒಂದು ಗುಂಟೆ ಜಾಗಕ್ಕೆ ನೆರಳು ಪರದೆ ಹಾಕಿ, ಓಡಾಡೋಕೆ ಅರ್ಧ ಜಾಗ ಬಿಟ್ಟರೂ, ಒಂದು ಸಲಕ್ಕೆ ಮುನ್ನೂರು ಟ್ರೇ ಆರಾಮಾಗಿ ಕೂರುತ್ತೆ. ಅಂದರೆ ಮೂರು ಎಕರೆಗೆ ಆಗೋಷ್ಟು ಸಸಿ. ಟೊಮೆಟೊ ಸಸಿ ನಾಟಿಗೆ ಬರೋಕೆ 21ರಿಂದ 25 ದಿನ, ಮೆಣಸಿನಕಾಯಿಗೆ 35ರಿಂದ 40 ದಿನ ಸಾಕು. ಕಬ್ಬು ಕಡಿಯೋಕೆ ವರ್ಷ ಕಾಯಬೇಕು, ಇದು ಒಂದು ತಿಂಗಳ ಆಟ.

‘ಆದ್ರೆ ಮುನ್ನೂರಕ್ಕೆ ಕೈ ಹಾಕ್ಬೇಡ, ಇಪ್ಪತ್ತು ಟ್ರೇಯಿಂದ ಶುರು ಮಾಡು’ ಅಂದೆ ಹುಡುಗನಿಗೆ. ಮನೆ ಪಕ್ಕದ ಹಳೇ ಕೊಟ್ಟಿಗೆ ಜಾಗ ಸಾಕು. ಪಾಲಿಸಬೇಕಾದ್ದು ಇಷ್ಟು:

• ಕೋಕೋಪಿಟ್ ಚೆನ್ನಾಗಿ ತೊಳೆದು ಉಪ್ಪಿನಂಶ ಹೋಗಲಾಡಿಸಿದ್ದನ್ನೇ ಬಳಸಿ. ಅದಕ್ಕೆ ಟ್ರೈಕೋಡರ್ಮಾ ಬೆರೆಸಿ, ಸಸಿ ಕೊಳೆ ರೋಗ ಕಮ್ಮಿಯಾಗುತ್ತೆ.
• ಕೈಯಲ್ಲಿ ಹಿಂಡಿದರೆ ನೀರು ತೊಟ್ಟಿಕ್ಕಬಾರದು, ಉಂಡೆ ನಿಲ್ಲಬೇಕು. ಅಷ್ಟೇ ತೇವ.
• ಗುಳಿಗೆ ಒಂದೇ ಬೀಜ, ಅರ್ಧ ಸೆಂ.ಮೀ. ಆಳ. ಜಾಸ್ತಿ ಆಳಕ್ಕೆ ಹೋದರೆ ಮೇಲೆ ಬರಲ್ಲ.
• ಬಿತ್ತಿದ ಮೇಲೆ ಟ್ರೇ ಒಂದರ ಮೇಲೊಂದು ಜೋಡಿಸಿ ಪ್ಲಾಸ್ಟಿಕ್ ಹೊದಿಸಿ. ಮೂರನೇ ದಿನದಿಂದ ದಿನಾ ತೆಗೆದು ನೋಡಿ. ಮೊಳಕೆ ಕಂಡ ತಕ್ಷಣ ಹರಡಿ, ಒಂದು ದಿನ ತಡವಾದರೂ ಸಸಿ ಸಣಕಲಾಗುತ್ತೆ.
• ಸುತ್ತ 40 ಮೆಶ್‌ನ ಕೀಟಪರದೆ ಕಡ್ಡಾಯ. ಬಿಳಿ ನೊಣ ಒಳಗೆ ಬಂದರೆ ಮುದುರು ರೋಗವನ್ನ ಸಸಿ ಜೊತೆಗೇ ಮಾರಿದ ಹಾಗಾಗುತ್ತೆ, ಹೆಸರು ಕೆಡುತ್ತೆ.
• ಮಾರೋಕೆ ನಾಲ್ಕು ದಿನ ಮುಂಚೆ ನೀರು, ನೆರಳು ಕಮ್ಮಿ ಮಾಡಿ ಸಸಿ ಗಟ್ಟಿ ಮಾಡಿ.
• ಯಾವ ತಳಿ, ಯಾವ ದಿನ ಬಿತ್ತಿದ್ದು, ಎಷ್ಟು ಹುಟ್ಟಿತು, ಯಾರಿಗೆ ಎಷ್ಟು ಕೊಟ್ಟೆ, ಎಲ್ಲ ಪುಸ್ತಕದಲ್ಲಿ ಬರೆಯಿರಿ. ವ್ಯಾಪಾರ ದೊಡ್ಡದಾಗೋ ಮುಂಚೆ ನರ್ಸರಿ ನೋಂದಣಿ, ಪರವಾನಗಿ ಬಗ್ಗೆ ತೋಟಗಾರಿಕೆ ಇಲಾಖೆಯಲ್ಲಿ ವಿಚಾರಿಸಿ.

ನರ್ಸರಿ ಒಂದೇ ಅಲ್ಲ. ಕಬ್ಬು ಇರೋರು ಸಾವಯವ ಬೆಲ್ಲ, ಬೆಲ್ಲದ ಪುಡಿ ಬಗ್ಗೆ ಯೋಚಿಸಬಹುದು. ಕಿರು ಆಹಾರ ಸಂಸ್ಕರಣೆಯ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಶೇ. 35ಕ್ಕೆ ರಾಜ್ಯದ ಶೇ. 15 ಸೇರಿ ಅರ್ಧ ಸಹಾಯಧನ ಸಿಗುತ್ತೆ, ಗರಿಷ್ಠ 15 ಲಕ್ಷ ರೂಪಾಯಿವರೆಗೆ. ಸಾವಯವ ಅಂತ ಹೇಳಿ ಮಾರಬೇಕಾದರೆ ಕನಿಷ್ಠ ಐದು ಜನ ರೈತರು ಗುಂಪಾಗಿ ಪಿಜಿಎಸ್ ಪ್ರಮಾಣೀಕರಣಕ್ಕೆ ಹೋಗಬಹುದು. ನೋಡಿ, ಅಲ್ಲೂ ಐದು ಜನ ಬೇಕು. ಒಬ್ಬನೇ ಮೇಲೆ ಹೋಗೋಕೆ ಆಗೋ ವ್ಯವಸ್ಥೆಯೇ ಅಲ್ಲ ಅದು.

ಅವರಪ್ಪ ಹಾಕಿದ ಷರತ್ತು

ಹುಡುಗನ ಅಪ್ಪ ಮೊದಲು ಒಪ್ಪಲಿಲ್ಲ. ‘ನೀವು ಓದಿದೋರು ಹೇಳ್ತೀರ ಸ್ವಾಮಿ. ನಾಳೆ ಸಸಿ ಹೋಗ್ಲಿಲ್ಲ ಅಂದ್ರೆ ಬಡ್ಡಿ ಯಾರು ಕಟ್ಟೋರು?’ ಅಂದರು. ನ್ಯಾಯವಾದ ಪ್ರಶ್ನೆ. ನಾನು ಸುಳ್ಳು ಭರವಸೆ ಕೊಡಲಿಲ್ಲ. ‘ಇಪ್ಪತ್ತು ಟ್ರೇ ಹೋದ್ರೆ ಹೋಗ್ಲಿ, ಆ ನಷ್ಟ ನಂದು. ಟ್ರೇ ನಾನು ಕೊಡ್ತೀನಿ’ ಅಂದೆ. ನನ್ನ ಶೆಡ್ಡಲ್ಲಿ ಹಳೇ ಟ್ರೇ ಸುಮ್ಮನೆ ಬಿದ್ದಿದ್ದವು, ತೊಳೆದರೆ ಆಯ್ತು. ಅಮ್ಮ ಒಳಗಿಂದಲೇ, ‘ಆರ್ ತಿಂಗ್ಳು ನೋಡನ ಬುಡಿ, ಬೆಂಗ್ಳೂರೇನ್ ಓಡೋಯ್ತದಾ’ ಅಂದರು. ಕೊನೆಗೆ ಅಪ್ಪನ ಷರತ್ತು ಆರು ತಿಂಗಳು ಅಂತಾಯ್ತು. ಅಷ್ಟರಲ್ಲಿ ಕೈಗೆ ಏನೂ ಬರದಿದ್ದರೆ ಬೆಂಗಳೂರು ಬಸ್ಸು.

ಅದೇ ಹೊತ್ತಲ್ಲಿ ಇನ್ನೊಂದು ಕೆಲಸವೂ ಮಾಡಿದ್ದೀವಿ. ಮುಂದಿನ ವರ್ಷ ಸಿಇಟಿ ಮತ್ತೆ ಬರೆಯಬೇಕು, ಕೃಷಿಕರ ಕೋಟಾದಲ್ಲಿ ಅರ್ಜಿ ಹಾಕಬೇಕು ಅಂತ ಅವನ ಫೋನಲ್ಲೇ ಜ್ಞಾಪನೆ ಇಟ್ಟಿದ್ದೀವಿ. ಸೀಟು ಸಿಗುತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಅರ್ಜಿ ಮಾತ್ರ ಹೋಗುತ್ತೆ. ಈ ಸಲ ಅದೊಂದನ್ನ ನಾನು ಬಿಡಲ್ಲ.

ಮೊದಲ ಸಲದ ಇಪ್ಪತ್ತು ಟ್ರೇಯಲ್ಲಿ ಹದಿನಾಲ್ಕು ಊರಲ್ಲೇ ಹೋದವು, ಆರು ಉಳಿದವು. ಆ ಆರನ್ನ ಅವರ ಕಬ್ಬಿನ ಬದುವಿನ ಪಕ್ಕದ ಜಾಗಕ್ಕೆ ನೆಟ್ಟರು. ದೊಡ್ಡ ಲಾಭ ಅಂತ ಹೇಳಲ್ಲ, ಆ ತಿಂಗಳ ಬಡ್ಡಿ ಪೂರ್ತಿ ಬರಲಿಲ್ಲ. ಆದರೆ ಎರಡನೇ ಸಲಕ್ಕೆ ಇಬ್ಬರು ರೈತರು ಮೊದಲೇ ಹೇಳಿ, ಮುಂಗಡ ಕೊಟ್ಟು ಹೋಗಿದ್ದಾರೆ. ಆರು ತಿಂಗಳಲ್ಲಿ ಇನ್ನೂ ಅರ್ಧ ಬಾಕಿ ಇದೆ.

ಕಳೆದ ವಾರ ರಾತ್ರಿ ಒಂಬತ್ತು ಗಂಟೆಗೆ ಹುಡುಗನ ಫೋನು. ‘ಅಣ್ಣ, ಮೆಣಸಿನಕಾಯಿ ಒಂದು ಟ್ರೇಲಿ 98ಕ್ಕೆ 84 ಹುಟ್ಟೈತೆ, ಪಕ್ಕದ ಟ್ರೇಲಿ 71. ಒಂದೇ ಪಾಕೀಟಿನ ಬೀಜ. ಯಾಕಣ್ಣ ಹಿಂಗೆ?’

ನಾನು ಉತ್ತರ ಹೇಳಲಿಲ್ಲ. ‘ಎರಡೂ ಟ್ರೇ ಎಲ್ಲಿಟ್ಟಿದ್ದೆ, ಎಷ್ಟು ಆಳ ಹಾಕ್ದೆ, ಎಷ್ಟು ನೀರು ಕೊಟ್ಟೆ, ಬರ್ಕೊಂಡು ನಾಳೆ ಫೋನ್ ಮಾಡು’ ಅಂದೆ. ಬೆಳಗ್ಗೆ ಆರಕ್ಕೇ ಮತ್ತೆ ಫೋನು. ಕಾರಣ ಅವನೇ ಹುಡುಕಿದ್ದ. ಎರಡನೇ ಟ್ರೇ ರಾಶಿಯ ಕಟ್ಟಕಡೆಗೆ, ಅಡಿಯಲ್ಲಿತ್ತಂತೆ. ಮೇಲಿನ ನೀರೆಲ್ಲ ಇಳಿದು ಅದರ ಕೋಕೋಪಿಟ್ ಒದ್ದೆಯಾಗಿ ಬೀಜ ಕೊಳೆತಿತ್ತು. ‘ಮುಂದಿನ್ ಸಲ ಅಡೀಗೆ ಖಾಲಿ ಟ್ರೇ ಇಡ್ತೀನಿ ಅಣ್ಣ’ ಅಂದ.

ಮೂರು ತಿಂಗಳ ಹಿಂದೆ ‘ಅಷ್ಟೇ ನಮ್ಗೆ’ ಅಂದ ಬಾಯಲ್ಲಿ ಈಗ ‘ಯಾಕಣ್ಣ ಹಿಂಗೆ’ ಅನ್ನೋ ಪ್ರಶ್ನೆ ಬಂದಿದೆ. ನನಗೆ ಸದ್ಯಕ್ಕೆ ಅಷ್ಟು ಸಾಕು.

ಈ ವಾರ ನಿಮಗೊಂದು ಕೆಲಸ. ನಿಮ್ಮ ಊರಲ್ಲಿ ‘ಅಷ್ಟೇ ನಮ್ಗೆ’ ಅಂತ ಕೂತಿರೋ ಒಬ್ಬ ತಮ್ಮನೋ ತಂಗಿಯೋ ಯಾರು ಅಂತ ಯೋಚನೆ ಮಾಡಿ. ಅವರು ಏನನ್ನ ಚೆನ್ನಾಗಿ ಮಾಡ್ತಾರೆ ಅಂತ ಅವರಿಗೇ ಹೇಳಿ. ಆಮೇಲೆ ಒಂದು ಅರ್ಜಿ, ಒಂದು ದಿನಾಂಕ, ಇಲ್ಲಾ ಶೆಡ್ಡಲ್ಲಿ ಸುಮ್ಮನೆ ಬಿದ್ದಿರೋ ಒಂದು ಟ್ರೇ, ಯಾವುದಾದ್ರೂ ಒಂದನ್ನ ಅವರ ಕೈಗೆ ಕೊಡಿ. ನಾನೂ ಇವತ್ತು ರಾತ್ರಿ ನಮ್ಮ ಮೈಸೂರಿನ ತಂಗಿಯ ಆ ಹಳೇ ಮೆಸೇಜಿಗೆ ಉತ್ತರ ಬರೀತೀನಿ. ಸಿಗ್ತಿತ್ತು ಪುಟ್ಟಿ, ತಪ್ಪು ನಂದು ಅಂತ. ತಾರಸಿ ತೋಟದ ಬಗ್ಗೆ ಬೇರೆಯವರಿಗೆ ಹೇಳಿಕೊಡೋ ಆಸೆ ಅವಳಿಗಿದೆ ಅಂತ ಗೊತ್ತಾಯ್ತು. ಅದಕ್ಕೆ ಏನು ಬೇಕು ಅಂತಲೂ ಕೇಳ್ತೀನಿ.

ಮುಂದಿನ ವಾರ ಮೆಣಸಿನಕಾಯಿ ಸಸಿಮಡಿಯಲ್ಲಿ ಥ್ರಿಪ್ಸ್ ಹತೋಟಿ ಬಗ್ಗೆ ಬರೀತೀನಿ. ಅಲ್ಲಿವರೆಗೆ ನಮಸ್ಕಾರ.